ಕಟ್ಟೆ ಎಷ್ಟಡಿ ಅದೆ? ಸುದ್ದಿಯಿಂದ ಜನ ಹಿಂದೆ ಸರಿಯುತ್ತಿರುವುದು ಏಕೆ, ಹೇಗೆ

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಸೋದರಮಾವ ಯುಗಾದಿಗೆ ಪೇಪರ್ ನಿಲ್ಲಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಗಲಿಯ ಮೇಲೆ ಕೂತು, ಕಾಫಿ ಆರುವವರೆಗೂ ಓದುತ್ತಿದ್ದ ಮನುಷ್ಯ. ಟೀವಿಯಲ್ಲಿ ನ್ಯೂಸ್ ಚಾನೆಲ್ ಹಾಕುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದರು. ಯಾಕೆ ಮಾವ ಅಂದೆ.

"ಬರೀ ಬಡ್ಕೋತವೆ ಕಣ್ಲಾ. ಹೊತ್ತಾರೆ ಎದ್ದು ಅದ್ನ ನೋಡುದ್ರೆ ಅನ್ನ ಸೇರಾಕಿಲ್ಲ. ಅದ್ರಲ್ಲೂ ನಿಜ ಯಾವ್ದು, ಸುಳ್ ಯಾವ್ದು ಅಂತ ಯಾರ್ಗ್ ಗೊತ್ತು?"

ಸಂಶೋಧಕರು ನೂರಾರು ಪುಟಗಳಲ್ಲಿ ಬರೆದದ್ದು ಹೆಚ್ಚುಕಮ್ಮಿ ಈ ಮೂರು ಮಾತಿನಲ್ಲೇ ಇದೆ. ಅನ್ನ ಸೇರದಿರುವುದು ದಣಿವು. ನಿಜ ಸುಳ್ಳು ಗೊತ್ತಾಗದಿರುವುದು ಅಪನಂಬಿಕೆ. ಇವೆರಡೂ ಒಂದೇ ಅಲ್ಲ, ಆದರೆ ಹೆಚ್ಚಾಗಿ ಜೊತೆಯಲ್ಲೇ ಬರುತ್ತವೆ.

ಇದು ಮಾವನೊಬ್ಬರ ಕಥೆಯೂ ಅಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆಯ ಸಾಲಿನಲ್ಲಿ ಈಗ ಪೇಪರ್ ಹಾಕುವ ಹುಡುಗ ಸೈಕಲ್ ನಿಲ್ಲಿಸುವ ಗೇಟುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಪಕ್ಕದ ಮನೆಯ ಹುಡುಗಿ ಫೋನಿನಿಂದ ಸುದ್ದಿ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದ್ದಾಳೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಹಲವಾರು ದೇಶಗಳಲ್ಲಿ ವರ್ಷಕ್ಕೊಮ್ಮೆ ಸಮೀಕ್ಷೆ ಮಾಡುತ್ತದೆ. ಕೆಲವೊಮ್ಮೆಯೋ ಆಗಾಗ್ಗೆಯೋ ಬೇಕೆಂದೇ ಸುದ್ದಿಯನ್ನು ದೂರ ಇಡುತ್ತೇವೆ ಎಂದವರು 2017ರಲ್ಲಿ ಶೇ 29 ಇದ್ದರು. 2025ರಲ್ಲಿ ಶೇ 40 ಆಗಿದ್ದಾರೆ. ಭಾರತದಲ್ಲಿ ಈ ಸಮೀಕ್ಷೆ ಮುಟ್ಟುವುದು ಬಹುಪಾಲು ಇಂಗ್ಲಿಷ್ ಬಲ್ಲ, ಇಂಟರ್ನೆಟ್ ಬಳಸುವ ಮಂದಿಯನ್ನು. ಮಳವಳ್ಳಿಯ, ನಾಗಮಂಗಲದ ಮಾತನ್ನು ಅದು ಹೇಳುವುದಿಲ್ಲ. ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಗೊತ್ತಾಗುತ್ತದೆ.

ಬಿಡುವುದರಲ್ಲೂ ಎರಡು ಬಗೆ

ಸುದ್ದಿಯನ್ನು ಪೂರ್ತಿ ಬಿಟ್ಟವರು ಒಂದು ಗುಂಪು. ಅವರಿಗೆ ಅದರ ಗೊಡವೆಯೇ ಬೇಡ. ಇವರ ಸಂಖ್ಯೆ ಸಣ್ಣದು. ಇನ್ನೊಂದು ದೊಡ್ಡ ಗುಂಪಿದೆ: ಆರಿಸಿ ಬಿಡುವವರು. ಚುನಾವಣೆ ಬಂದರೆ ಚಾನೆಲ್ ಬದಲಿಸುತ್ತಾರೆ, ಕೊಲೆ ಸುದ್ದಿಯ ಪುಟ ಮಗುಚುತ್ತಾರೆ, ರಾತ್ರಿ ಮಲಗುವ ಮುಂಚೆ ಫೋನ್ ಮುಟ್ಟುವುದಿಲ್ಲ. ಆದರೆ ಮಳೆ, ಕ್ರಿಕೆಟ್ಟು, ಕಬ್ಬಿನ ದರ ನೋಡುತ್ತಾರೆ. ಊಟ ಬಿಟ್ಟವನಿಗೂ ಪಥ್ಯ ಮಾಡುವವನಿಗೂ ಇರುವಷ್ಟೇ ವ್ಯತ್ಯಾಸ ಇದು. ಸಮೀಕ್ಷೆಯ ಆ ಶೇ 40ರಲ್ಲಿ ಹೆಚ್ಚಿನವರು ಪಥ್ಯದವರು.

ಮಾವ ಯಾವ ಬಗೆ? ಪೇಪರ್ ನಿಲ್ಲಿಸಿದ ಮೇಲೂ ಅವರು ಪ್ರತಿ ಬೆಳಿಗ್ಗೆ ನನಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಕಟ್ಟೆ ಎಷ್ಟಡಿ ಅದೆ ನೋಡ್ಲಾ." ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ, ಕೆಆರ್‌ಎಸ್. ಈ ಪ್ರಶ್ನೆಗೆ ಮುಂದೆ ಮತ್ತೆ ಬರೋಣ, ಇಡೀ ವಿಷಯದ ಬೀಗದ ಕೈ ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ವಾರ್ತೆ ಮುಗಿಯುತ್ತಿದ್ದ ಕಾಲ

ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಮೈಸೂರಿನಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ. ಈ ಲೇಖನದ ವಿಷಯಕ್ಕೆ ಅದೊಂದು ಚೆಂದದ ಕಾಕತಾಳೀಯ.

ಮುಂದೆ ರೇಡಿಯೋ ಮನೆಮನೆಗೆ ಬಂದಾಗ ಸುದ್ದಿಗೆ ಒಂದು ಹೊತ್ತು ಇತ್ತು. ಬೆಳಿಗ್ಗೆ ಪ್ರದೇಶ ಸಮಾಚಾರ, ಆಮೇಲೆ ದೆಹಲಿಯ ವಾರ್ತೆ. "ಇಲ್ಲಿಗೆ ವಾರ್ತೆಗಳು ಮುಕ್ತಾಯವಾದವು" ಎಂದ ಮೇಲೆ ಅದು ನಿಜವಾಗಿಯೂ ಮುಕ್ತಾಯ. ಅಜ್ಜ ರೇಡಿಯೋ ಕಿವಿ ಹಿಂಡಿ ಎದ್ದು ಗದ್ದೆಗೆ ಹೋಗುತ್ತಿದ್ದರು. ಪೇಪರಿಗೂ ಕೊನೆಯ ಪುಟ ಇತ್ತು, ಈಗಲೂ ಇದೆ.

ಫೋನಿಗೆ ಕೊನೆಯ ಪುಟವಿಲ್ಲ. ಹೆಬ್ಬೆರಳು ಮೇಲಕ್ಕೆ ತಳ್ಳಿದಷ್ಟೂ ಕೆಳಗಿನಿಂದ ಇನ್ನೊಂದು ಏಳುತ್ತದೆ. ಕೆಟ್ಟ ಸುದ್ದಿ ಎಂದು ಗೊತ್ತಿದ್ದೂ ಬೆರಳು ನಿಲ್ಲದೆ ನೋಡುತ್ತಲೇ ಇರುವುದಕ್ಕೆ ಡೂಮ್‌ಸ್ಕ್ರೋಲಿಂಗ್ ಎಂಬ ಪದವೇ ಬಂದಿದೆ. ಅಜ್ಜನಿಗೂ ನಮಗೂ ವ್ಯತ್ಯಾಸ ಆಗಿರುವುದು ಸುದ್ದಿಯ ಪ್ರಮಾಣದಲ್ಲಷ್ಟೇ ಅಲ್ಲ. ಎದ್ದು ಹೋಗುವ ಹೊತ್ತು ಯಾವುದು ಎಂದು ಅವರಿಗೆ ರೇಡಿಯೋದವರೇ ಹೇಳುತ್ತಿದ್ದರು, ನಮಗೆ ಯಾರೂ ಹೇಳುವುದಿಲ್ಲ.

ಕಬ್ಬಿನ ಗದ್ದೆಯಲ್ಲಿ ಸರಸರ

ಬೇಡ ಅನ್ನಿಸಿದರೂ ಕೆಟ್ಟ ಸುದ್ದಿಯನ್ನೇ ಏಕೆ ನೋಡುತ್ತೇವೆ?

ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆಯುವಾಗ ಒಳಗೆ ಸರಸರ ಸದ್ದಾಯಿತು ಅನ್ನಿ. ಗಾಳಿಯೂ ಇರಬಹುದು, ಹಂದಿಯೂ ಇರಬಹುದು, ಚಿರತೆಯೂ ಇರಬಹುದು. ಗಾಳಿಯನ್ನು ನೂರು ಸಲ ಚಿರತೆ ಅಂದುಕೊಂಡರೆ ನಷ್ಟವೇನಿಲ್ಲ, ಎದೆ ನೂರು ಸಲ ಹೊಡೆದುಕೊಳ್ಳುತ್ತದೆ ಅಷ್ಟೆ. ಚಿರತೆಯನ್ನು ಒಂದು ಸಲ ಗಾಳಿ ಅಂದುಕೊಂಡರೆ ಕಥೆ ಮುಗಿಯಿತು. ಹಾಗಾಗಿ ಅಪಾಯದ ಸುಳಿವು ಸಿಕ್ಕ ಕೂಡಲೇ ಮಿದುಳು ಉಳಿದದ್ದನ್ನೆಲ್ಲ ಬಿಟ್ಟು ಅತ್ತ ತಿರುಗುತ್ತದೆ. ಒಳ್ಳೆಯದಕ್ಕಿಂತ ಕೆಟ್ಟದ್ದಕ್ಕೆ ಹೆಚ್ಚು ಗಮನ ಕೊಡುವ ಈ ಸ್ವಭಾವಕ್ಕೆ ಮನಶ್ಶಾಸ್ತ್ರಜ್ಞರು ನಕಾರಾತ್ಮಕ ಒಲವು ಎನ್ನುತ್ತಾರೆ.

ತಲೆಬರಹ ಬರೆಯುವವರಿಗೆ ಇದು ಲೆಕ್ಕದಲ್ಲೇ ಸಿಗುತ್ತದೆ. ಅಮೆರಿಕದ ಒಂದು ವೆಬ್‌ಸೈಟಿನ ಲಕ್ಷಕ್ಕೂ ಮೀರಿದ ತಲೆಬರಹಗಳನ್ನು ಸಂಶೋಧಕರು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಸಾಧಾರಣ ಉದ್ದದ ತಲೆಬರಹದಲ್ಲಿ ಒಂದೊಂದು ನಕಾರಾತ್ಮಕ ಪದ ಸೇರಿದಂತೆಲ್ಲ ಅದನ್ನು ಒತ್ತುವವರ ಪ್ರಮಾಣ ಶೇ 2.3ರಷ್ಟು ಹೆಚ್ಚುತ್ತಿತ್ತು. ಸಣ್ಣ ಅಂಕಿಯಂತೆ ಕಾಣುತ್ತದೆ. ದಿನಕ್ಕೆ ನೂರು ತಲೆಬರಹ ಹಾಕುವವರಿಗೆ ಅದು ಸಣ್ಣದಲ್ಲ.

ತೊಂದರೆ ಎಲ್ಲಿ ಎಂದರೆ, ಗದ್ದೆಯ ಸದ್ದಿಗೆ ನಾವು ಏನಾದರೂ ಮಾಡಬಹುದು: ಓಡಬಹುದು, ಕೂಗಬಹುದು, ಪಟಾಕಿ ಹೊಡೆಯಬಹುದು. ಸಾವಿರಾರು ಮೈಲಿ ದೂರದ ಬಾಂಬಿನ ಸದ್ದಿಗೆ ಸೋಫಾದ ಮೇಲೆ ಕೂತವನು ಏನು ಮಾಡಬೇಕು? ಮೈ ಮಾತ್ರ ಓಡಲು ತಯಾರಾಗಿ ನಿಂತಿರುತ್ತದೆ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ಅಮೆರಿಕದಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೇಳಿ ಒಂದು ಅಧ್ಯಯನ ನಡೆಯಿತು. ಮುಂದಿನ ವಾರದಲ್ಲಿ ದಿನಕ್ಕೆ ಆರು ತಾಸು ಅಥವಾ ಹೆಚ್ಚು ಹೊತ್ತು ಅದೇ ಸುದ್ದಿ ನೋಡಿದವರು, ಸ್ಫೋಟದ ಜಾಗದಲ್ಲೋ ಅದರ ಹತ್ತಿರದಲ್ಲೋ ಇದ್ದವರಿಗಿಂತ ಹೆಚ್ಚಿನ ಮಾನಸಿಕ ಒತ್ತಡ ಹೇಳಿಕೊಂಡರು. ಹೆಚ್ಚು ನೋಡಿದ್ದರಿಂದ ಒತ್ತಡವೋ, ಒತ್ತಡ ಇದ್ದವರೇ ಹೆಚ್ಚು ನೋಡಿದರೋ ಎಂಬುದನ್ನು ಇಂಥ ಅಧ್ಯಯನದಲ್ಲಿ ಪೂರ್ತಿ ಬಿಡಿಸುವುದು ಕಷ್ಟ. ಆದರೂ ಮಾವನ "ಅನ್ನ ಸೇರಾಕಿಲ್ಲ" ಬರೀ ಗೊಣಗಾಟವಲ್ಲ ಎನ್ನಲು ಇಷ್ಟು ಸಾಕು.

ಒಂದು ಅಗುಳು, ಇಡೀ ಅನ್ನ

ಹಾಗಾದರೆ ಚಾನೆಲ್‌ಗಳು ಅಷ್ಟು ಕೂಗುವುದೇಕೆ? ದೇವರಾಜ ಮಾರುಕಟ್ಟೆಯಲ್ಲಿ ಒಂದೇ ಸಾಲಿನಲ್ಲಿ ಹತ್ತು ಮಂದಿ ಒಂದೇ ನಂಜನಗೂಡು ರಸಬಾಳೆ ಇಟ್ಟುಕೊಂಡು ಕೂತಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ. ಸುದ್ದಿ ಎಲ್ಲರ ಹತ್ತಿರವೂ ಒಂದೇ, ಗಿರಾಕಿಯನ್ನು ನಿಲ್ಲಿಸುವುದು ಗಂಟಲು.

ಆ ಗಿರಾಕಿಯನ್ನು ಎಣಿಸುವ ಲೆಕ್ಕವೇ ಟಿಆರ್‌ಪಿ. ಭಾರತದಲ್ಲಿ ಟೀವಿ ಇರುವ ಮನೆಗಳು ಇಪ್ಪತ್ತು ಕೋಟಿಯ ಆಸುಪಾಸು. ಯಾರು ಯಾವ ಚಾನೆಲ್ ನೋಡಿದರು ಎಂದು ಎಲ್ಲ ಮನೆಯಲ್ಲೂ ಕೇಳಲಾಗದು. ಬಾರ್ಕ್ ಎಂಬ ಸಂಸ್ಥೆ ಕೆಲವು ಹತ್ತು ಸಾವಿರ ಮನೆಗಳಲ್ಲಷ್ಟೇ ಮೀಟರ್ ಇಟ್ಟು, ಅದರಿಂದ ಇಡೀ ದೇಶದ ಲೆಕ್ಕ ಕಟ್ಟುತ್ತದೆ. ಒಂದು ಅಗುಳು ಹಿಚುಕಿ ಇಡೀ ಅನ್ನ ಬೆಂದಿದೆಯೇ ಎಂದು ನೋಡಿದ ಹಾಗೆ. ಜಾಹೀರಾತಿನವರು ದುಡ್ಡು ಸುರಿಯುವುದು ಈ ಅಂಕಿ ನೋಡಿ.

ಆ ಅಗುಳಿಗೇ ಯಾರಾದರೂ ಕೈ ಹಾಕಿದರೆ? 2020ರ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರು ಇಂಥದ್ದೇ ಆರೋಪ ಹೊರಿಸಿದರು: ಮೀಟರ್ ಇರುವ ಮನೆಯವರಿಗೆ ದುಡ್ಡು ಕೊಟ್ಟು ಕೆಲವು ಚಾನೆಲ್‌ಗಳನ್ನು ಹಾಕಿಡಲು ಹೇಳಲಾಗಿತ್ತು ಎಂದು. ಚಾನೆಲ್‌ನವರು ಅಲ್ಲಗಳೆದರು. ಸುದ್ದಿ ಚಾನೆಲ್‌ಗಳ ರೇಟಿಂಗ್ ಪ್ರಕಟಿಸುವುದನ್ನೇ ಬಾರ್ಕ್ ನಿಲ್ಲಿಸಿತು, ಮತ್ತೆ ಶುರುವಾದದ್ದು 2022ರ ಮಾರ್ಚಿನಲ್ಲಿ. ಪ್ರಕರಣವನ್ನು ಹಿಂದಕ್ಕೆ ಪಡೆಯಲು ಮಹಾರಾಷ್ಟ್ರ ಸರ್ಕಾರಕ್ಕೆ 2024ರಲ್ಲಿ ನ್ಯಾಯಾಲಯ ಅನುಮತಿ ಕೊಟ್ಟಿತು. ಆ ಒಂದೂವರೆ ವರ್ಷ ರೇಟಿಂಗ್ ಇಲ್ಲದೆಯೂ ಕೂಗಾಟ ತಗ್ಗಲಿಲ್ಲ ಎನ್ನುವುದು ನನ್ನ ಕಿವಿಯ ಸಾಕ್ಷಿ. ಅಭ್ಯಾಸ ಬಲ.

2023ರ ಆಗಸ್ಟು, ಮಂಡ್ಯ

ಈಗ ಮಾವನ ಪ್ರಶ್ನೆಗೆ ಬರೋಣ.

2023ರಲ್ಲಿ ಮುಂಗಾರು ಕೈಕೊಟ್ಟಿತು. 124.80 ಅಡಿಯ ಕಟ್ಟೆ ಆ ವರ್ಷ ತುಂಬಲೇ ಇಲ್ಲ. ಆಗಸ್ಟ್ ಕೊನೆಯಲ್ಲಿ, ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್‌ನಂತೆ ನೀರು ಬಿಡಬೇಕೆಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತು. ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಮಾತು. ಮಂಡ್ಯದ ಸರ್ ಎಂ.ವಿ. ಪ್ರತಿಮೆ ಎದುರು ಧರಣಿ, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಟೀವಿಯವರ ವ್ಯಾನುಗಳು ಸಾಲುಗಟ್ಟಿ ನಿಂತಿದ್ದವು. ಬೆಳಿಗ್ಗೆ ಟೈರ್ ಸುಟ್ಟ ಒಂದು ದೃಶ್ಯ ರಾತ್ರಿವರೆಗೂ ಸುತ್ತುತ್ತಿತ್ತು, ಕೆಳಗೆ ಕೆಂಪು ಪಟ್ಟಿಯಲ್ಲಿ "ಭುಗಿಲೆದ್ದ ಆಕ್ರೋಶ".

ಆಗ ಮಾವನ ತಲೆಯಲ್ಲಿ ಇದ್ದದ್ದು ಬೇರೆ. ಒಟ್ಲು ಪಾತಿಯಲ್ಲಿ ಭತ್ತದ ಸಸಿ ಎದ್ದು ನಿಂತಿತ್ತು. ನಾಟಿ ಹಾಕಬೇಕೋ ಬೇಡವೋ? ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಎಷ್ಟು ದಿನ ಬರುತ್ತದೆ? ಕಟ್ಟು ನೀರು ಅಂದರೆ ಎಷ್ಟು ದಿನ ಬಿಟ್ಟು, ಎಷ್ಟು ದಿನ ನಿಲ್ಲಿಸುತ್ತಾರೆ? ಟೀವಿ ಮುಂದೆ ಸಂಜೆಯೆಲ್ಲ ಕೂತರು. ಇದೊಂದು ಸಿಗಲಿಲ್ಲ.

ನೋಡಿ, 5,000 ಕ್ಯೂಸೆಕ್ ಎಂದು ತಿಂಗಳುಗಟ್ಟಲೆ ಕೇಳಿದವರಲ್ಲಿ ಎಷ್ಟು ಮಂದಿಗೆ ಅದರ ಅಳತೆ ಗೊತ್ತಿತ್ತು? ಲೆಕ್ಕ ಕಷ್ಟದ್ದಲ್ಲ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್, ಎರಡು ದೊಡ್ಡ ಕೊಡದಷ್ಟು, ಸುಮಾರು 28 ಲೀಟರ್. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ದಿನಕ್ಕೆ 86,400 ಸೆಕೆಂಡು. ಆದ್ದರಿಂದ 5,000 ಕ್ಯೂಸೆಕ್ 15 ದಿನ ಹರಿದರೆ ಆಗುವುದು ಸುಮಾರು ಆರೂವರೆ ಟಿಎಂಸಿ. ಕೆಆರ್‌ಎಸ್ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಅಂದರೆ ತುಂಬಿದ ಕಟ್ಟೆಯ ಎಂಟರಲ್ಲಿ ಒಂದು ಪಾಲಿಗಿಂತ ಒಂದಿಷ್ಟು ಹೆಚ್ಚು. ಕಟ್ಟೆ ತುಂಬಿಲ್ಲದ ವರ್ಷ ಅದೇ ಆರೂವರೆ ಎಷ್ಟು ಭಾರವಾಗುತ್ತದೆ ಎಂಬುದು ಈ ಲೆಕ್ಕ ಗೊತ್ತಾದ ಮೇಲೆ ಯಾರಿಗಾದರೂ ತಾನಾಗಿಯೇ ಹೊಳೆಯುತ್ತದೆ. ಆಕ್ರೋಶವೂ ಆಗ ಅರ್ಥವಾಗುತ್ತದೆ.

ನಮ್ಮ ಕಡೆಯ ಪೇಪರುಗಳಲ್ಲಿ ಒಂದು ಪುಟ್ಟ ಚೌಕ ಬರುತ್ತದೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಬಣ್ಣವಿಲ್ಲ, ಉದ್ಗಾರ ಚಿಹ್ನೆ ಇಲ್ಲ. ಅದನ್ನು ಓದಿ ದಣಿದೆ ಎಂದ ಒಬ್ಬನೇ ಒಬ್ಬ ರೈತನನ್ನು ನಾನು ಕಂಡಿಲ್ಲ. ಅಂಕಿ ಇಳಿದಿದ್ದರೆ ಅದೂ ಕೆಟ್ಟ ಸುದ್ದಿಯೇ. ಆದರೆ ಓದಿದವನು ಎದ್ದು ಏನೋ ಒಂದು ಮಾಡಬಹುದು: ಭತ್ತ ಬಿಟ್ಟು ರಾಗಿ ಚೆಲ್ಲಬಹುದು, ಬೋರ್‌ವೆಲ್ಲಿನವನನ್ನು ಕೇಳಬಹುದು, ಸುಮ್ಮನೆ ಒಂದು ವಾರ ಕಾಯಬಹುದು. ದಣಿವು ಕೆಟ್ಟ ಸುದ್ದಿಯಿಂದ ಬರುವುದಕ್ಕಿಂತ, ಏನೂ ಮಾಡಲಾಗದ ಸುದ್ದಿಯನ್ನು ಮತ್ತೆ ಮತ್ತೆ ನೋಡುವುದರಿಂದ ಹೆಚ್ಚು ಬರುತ್ತದೆ. ಸಮೀಕ್ಷೆಗಳಲ್ಲಿ ಜನ ಕೊಡುವ ಕಾರಣಗಳಲ್ಲೂ ಇದು ಕಾಣುತ್ತದೆ: ಮನಸ್ಸು ಕೆಡುತ್ತದೆ, ಒಂದೇ ವಿಷಯ ಅತಿಯಾಯಿತು, ತಿಳಿದುಕೊಂಡು ನಾನು ಮಾಡುವುದೇನೂ ಇಲ್ಲ.

ಅಪನಂಬಿಕೆ ಎಲ್ಲಿಂದ

ದಣಿವು ವಿಶ್ರಾಂತಿಯಿಂದ ಹೋಗುತ್ತದೆ. ಅಪನಂಬಿಕೆ ಹಾಗಲ್ಲ.

ಅಗ್ರಹಾರ ಸರ್ಕಲ್ಲಿನಲ್ಲಿ ಮರ ಬಿತ್ತು ಎಂದು ಮೈಸೂರಿನ ಪೇಪರ್ ಬರೆದರೆ, ತರಕಾರಿ ತರಲು ಹೋದವರು ನೋಡಿಕೊಂಡೇ ಬರುತ್ತಾರೆ. ಬಿದ್ದಿರದಿದ್ದರೆ ಸಂಪಾದಕರನ್ನು ಮದುವೆ ಮನೆಯಲ್ಲೇ ಹಿಡಿದು ಕೇಳುತ್ತಾರೆ. ಸುದ್ದಿ ಹತ್ತಿರದ್ದಾದಷ್ಟೂ ಅದನ್ನು ಒರೆಗೆ ಹಚ್ಚುವುದು ಸುಲಭ, ಬರೆದವನಿಗೂ ಭಯ. ದೂರದ್ದಾದರೆ ಒರೆಗಲ್ಲೇ ಕೈಯಲ್ಲಿರುವುದಿಲ್ಲ, ನಂಬಬೇಕು ಇಲ್ಲವೇ ಬಿಡಬೇಕು.

ನಂಬಿಕೆ ಕರಗಲು ಇನ್ನೆರಡು ಕಾರಣಗಳಿವೆ. ಒಂದು, ದುಡ್ಡು ಕೊಟ್ಟು ಹಾಕಿಸಿದ್ದನ್ನು ಸುದ್ದಿಯ ವೇಷದಲ್ಲಿ ಕೊಡುವುದು. ಇದಕ್ಕೆ ಕಾಸಿಗಾಗಿ ಸುದ್ದಿ ಎಂಬ ಹೆಸರೇ ಬಿದ್ದಿದೆ. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಈ ಬಗ್ಗೆ ತನಿಖಾ ವರದಿಯನ್ನೇ ಮಾಡಿಸಿತು. ಮಂಡಳಿ ಪತ್ರಿಕೆಗಳಿಗೆ ಛೀಮಾರಿ ಹಾಕಬಲ್ಲದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

ಇನ್ನೊಂದು, ವಾಟ್ಸ್‌ಆ್ಯಪ್ ಫಾರ್ವರ್ಡು. 2022ರ ನವೆಂಬರಿನಲ್ಲಿ ಚಿರತೆ ಕಾಣಿಸಿಕೊಂಡು ಬೃಂದಾವನ ಉದ್ಯಾನವನ್ನೇ ಮುಚ್ಚಿದ್ದರು, ಅದು ನಿಜ. ಅದರ ಬೆನ್ನಿಗೆ ನನ್ನ ಫೋನಿಗೆ ಬಂದ ಮೂರು ಚಿರತೆ ವೀಡಿಯೋಗಳಲ್ಲಿ ಒಂದರ ಹಿಂದೆ ತೆಂಗಿನ ಮರದ ಬದಲು ಹಿಮದ ಗುಡ್ಡ ಇತ್ತು. ನಗು ಬಂತು. ಎಲ್ಲ ಸಲವೂ ನಗುವ ಹಾಗಿರುವುದಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸಂದೇಶಗಳಿಂದ 2018ರಲ್ಲಿ ದೇಶದ ಹಲವೆಡೆ ಅಮಾಯಕರನ್ನು ಹೊಡೆದು ಕೊಂದರು, ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ. ಆ ವರ್ಷವೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕಿತು. ಟ್ವಿಟರಿನ ಹನ್ನೊಂದು ವರ್ಷದ ಸಂದೇಶಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿಯನ್ನು ಜನ ಇನ್ನೊಬ್ಬರಿಗೆ ದಾಟಿಸುವ ಸಂಭವ ನಿಜಸುದ್ದಿಗಿಂತ ಶೇ 70ರಷ್ಟು ಹೆಚ್ಚು. ಸುಳ್ಳು ಹೊಸದಾಗಿ ಕಾಣುತ್ತದೆ, ಅದಕ್ಕೇ ಓಡುತ್ತದೆ.

ಇಂಥ ನಾಲ್ಕು ಅನುಭವವಾದ ಮೇಲೆ ಮನುಷ್ಯ "ಎಲ್ಲರೂ ಸುಳ್ಳರೇ" ಎನ್ನುತ್ತಾನೆ. ಅನುಮಾನಕ್ಕೂ ಅಪನಂಬಿಕೆಗೂ ಗೆರೆ ಬೀಳುವುದು ಇಲ್ಲಿ. ಅನುಮಾನ ಇರುವವನು ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಡೇರಿಯಲ್ಲಿ ಪರೀಕ್ಷೆ ಮಾಡಿಸುತ್ತಾನೆ. ಅಪನಂಬಿಕೆ ಹತ್ತಿದವನು ಹಾಲು ಕುಡಿಯುವುದನ್ನೇ ಬಿಡುತ್ತಾನೆ.

ಬಿಟ್ಟರೆ ಆಗುವುದೇನು

ನೆಮ್ಮದಿ ಸಿಗುತ್ತದೆಯೇ? ಸ್ವಲ್ಪ ಮಟ್ಟಿಗೆ ಹೌದು. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ತಾಸು ಉಳಿಯಿತು, ಮನಸ್ಸು ಒಂದಿಷ್ಟು ಹಗುರಾಯಿತು, ರಾಜಕೀಯದ ಕಡು ಹಟ ಕಡಿಮೆಯಾಯಿತು. ಜೊತೆಗೆ ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು. ಎರಡೂ ಒಟ್ಟಿಗೇ ಬರುತ್ತವೆ.

ತಿಳಿವಳಿಕೆ ಕಡಿಮೆಯಾದರೆ ಏನು ಮಹಾ ಎನ್ನಬಹುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧ ಬಂತು. ವಾರಗಟ್ಟಲೆ ಮೊದಲೇ ಪೇಪರಿನಲ್ಲಿತ್ತು. ನಮ್ಮ ಪರಿಚಯದ ಹುಡುಗನೊಬ್ಬ ಮದ್ದೂರಿನ ಹತ್ತಿರ ಬೈಕಿನಲ್ಲಿ ಹೋಗಿ ದಂಡ ಕಟ್ಟಿ ಬಂದ. "ಯಾರೂ ಹೇಳ್ಲೇ ಇಲ್ವಲ್ಲ ಅಣ್ಣ" ಅಂದ.

"ಯಾರಾದರೂ ಹೇಳುತ್ತಾರೆ" ಎಂಬ ಈ ನಂಬಿಕೆಗೂ ಸಂಶೋಧಕರು ಹೆಸರಿಟ್ಟಿದ್ದಾರೆ: ಸುದ್ದಿ ತಾನಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತದೆ ಎಂಬ ಭಾವನೆ. 2017ರ ಒಂದು ಅಧ್ಯಯನದಲ್ಲಿ ಈ ಭಾವನೆ ಹೆಚ್ಚಿದ್ದವರ ರಾಜಕೀಯ ತಿಳಿವಳಿಕೆ ಉಳಿದವರಿಗಿಂತ ಕಡಿಮೆಯೇ ಇತ್ತು. ತಾನಾಗಿ ಬರುವುದು ಚಿರತೆ ವೀಡಿಯೋ, ದಂಡದ ಸುದ್ದಿ ಅಲ್ಲ.

ಕಡಿಮೆ ಮಾಡಿದವರು ಮಾಡುತ್ತಿರುವುದು

ಪಕ್ಕದ ಮನೆಯ ಹುಡುಗಿ ಆ್ಯಪ್ ತೆಗೆದ ಮೇಲೆ ವಾರಕ್ಕೊಮ್ಮೆ ಭಾನುವಾರದ ಪೇಪರ್ ತರಿಸುತ್ತಾಳೆ, ಅಷ್ಟೆ. ನಾನು ಬ್ರೇಕಿಂಗ್ ನ್ಯೂಸ್ ನೋಟಿಫಿಕೇಶನ್ ಎಲ್ಲ ಆಫ್ ಮಾಡಿದ್ದೇನೆ. ಏನಾದರೂ ದೊಡ್ಡದು ನಡೆದಾಗ ಮೊದಲ ತಾಸು ಬರುವುದರಲ್ಲಿ ಅರ್ಧ ಊಹೆಯೇ ಎಂದು ಅನುಭವದಿಂದ ಗೊತ್ತಾಗಿದೆ. 2021ರ ಜುಲೈಯಲ್ಲಿ ಕೆಆರ್‌ಎಸ್‌ನ ಮೆಟ್ಟಿಲ ಬಳಿ ಕಲ್ಲುಗೋಡೆಯ ಒಂದು ಭಾಗ ಕುಸಿದಿತ್ತು. ನನ್ನ ಫೋನಿನಲ್ಲಿ ಅದು ಕಟ್ಟೆಯೇ ಕುಸಿದಂತೆ ಬಂತು. ಮುಖ್ಯ ಅಣೆಕಟ್ಟೆಗೆ ಏನೂ ಆಗಿಲ್ಲ ಎಂದು ಅಧಿಕಾರಿಗಳು ಹೇಳಿದ್ದು ಆಮೇಲೆ. ಸಂಜೆಯವರೆಗೆ ಕಾದು ಓದಿದವರಿಗೆ ಎರಡೂ ಒಟ್ಟಿಗೆ ಸಿಕ್ಕಿತು, ನಡುವಿನ ಎದೆಬಡಿತ ತಪ್ಪಿತು. ಕೆಲವರು ಮೂಲಕ್ಕೇ ಹೋಗುತ್ತಾರೆ: ಜಲಾಶಯಗಳ ಮಟ್ಟವನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನವೂ ಪ್ರಕಟಿಸುತ್ತದೆ, ಯಾರ ಕೂಗೂ ಇಲ್ಲದೆ.

ನಾನು ಮಾವನಿಗೆ ಅಂಕಿ ಹೇಳುವುದು ಅದನ್ನು ನೋಡಿಯೇ. ಹೋದ ವಾರ ಅವಸರದಲ್ಲಿ ಹಿಂದಿನ ದಿನದ ಅಂಕಿ ಹೇಳಿಬಿಟ್ಟಿದ್ದೆ. ಮಧ್ಯಾಹ್ನ ಮತ್ತೆ ಫೋನ್ ಬಂತು.

"ನೀರುಗಂಟಿ ಬೇರೆ ಹೇಳ್ತಾವ್ನೆ. ನೀನ್ಯಾವ್ದ್ ನೋಡ್ದೆ?"

ತಪ್ಪಾಯಿತು ಮಾವ, ನಿನ್ನೆಯದು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ತೆಗೆ ಕೂಗಿದ್ದು ಕೇಳಿಸಿತು: "ಏ, ಆ ಪೇಪರ್ ಹುಡ್ಗ ಸಿಕ್ಕುದ್ರೆ ನಾಳೆಯಿಂದ ಹಾಕು ಅನ್ನು."